ಲೋಹದ ಕಣ ನೂಲುವ ಇಂಗಾಲದ ಸುರುಳಿ

ಅಂಬಾಜಿದುರ್ಗದ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ಹೀರೆ, ಹಾಗಲ, ಸೋರೆಯ ಬಳ್ಳಿಯಿಲ್ಲದ ಹಿತ್ತಲು ವಿರಳ. ಚಿಕ್ಕಬಳ್ಳಾಪುರದ ಕಡೆಗೆ ಸಾಗಿದರೆ ದ್ರಾಕ್ಷಿಯ ಚಪ್ಪರಗಳು ಸಾಲುಗಟ್ಟಿ ಎದುರಾಗುತ್ತವೆ. ಈ ಬಳ್ಳಿಗಳೆಲ್ಲವೂ ಆಸರೆಯನ್ನು ಅರಸುತ್ತ ತೆಳುವಾದ ಹಸಿರು ತಂತುಗಳನ್ನು ಗಾಳಿಗೆ ಚಾಚುತ್ತವೆ. ತಂತುವಿನ ತುದಿ ಒಂದು ಕಡ್ಡಿಯನ್ನೋ ತಂತಿಯನ್ನೋ ಹಿಡಿಯಿತೆಂದರೆ, ಸ್ವಲ್ಪ ಕಾಲದೊಳಗೆ ಅದು ಸ್ಪ್ರಿಂಗಿನಂತೆ ಸುರುಳಿಗೊಳ್ಳುತ್ತದೆ. ಅದನ್ನು ಯಾರೂ ಕೈಯಿಂದ ಸುತ್ತಿದ್ದಲ್ಲ. ತಂತುವಿನ ಒಂದು ಪಾರ್ಶ್ವವು ಉದ್ದದಲ್ಲಿ ಇನ್ನೊಂದು ಪಾರ್ಶ್ವಕ್ಕಿಂತ ಹಿಂದುಳಿಯುತ್ತದೆ. ಆ ಅಸಮತೆಯೇ ನೇರವಾಗಿದ್ದುದನ್ನು ನುಲಿಸಿಬಿಡುತ್ತದೆ.

ಜೀವವಿಲ್ಲದ ಇಂಗಾಲದಲ್ಲಿಯೂ ಇದೇ ಬಗೆಯ ಸುರುಳಿಗಳು ಹುಟ್ಟುತ್ತವೆ ಎಂದರೆ ಮೊದಲಿಗೆ ನಂಬುವುದು ಕಷ್ಟ. ಕೆಂಪಗೆ ಕಾದ ನಳಿಗೆಯೊಂದರಲ್ಲಿ ಕಬ್ಬಿಣದ ಅಥವಾ ನಿಕ್ಕೆಲ್ಲಿನ ಅತಿಸೂಕ್ಷ್ಮ ಕಣಗಳನ್ನಿಟ್ಟು, ಅವುಗಳ ಮೇಲೆ ಅಸಿಟಿಲೀನಿನಂತಹ ಅನಿಲವನ್ನು ಹಾಯಿಸಿದರೆ, ಕೆಲವು ಕಣಗಳಿಂದ ನೇರವಾದ ಎಳೆಗಳೂ ಕೆಲವು ಕಣಗಳಿಂದ ಒಪ್ಪವಾದ ಸುರುಳಿಗಳೂ ಬೆಳೆದು ಬರುತ್ತವೆ. ಇವುಗಳ ಗಾತ್ರವನ್ನು ಊಹಿಸಿಕೊಳ್ಳಲು ಶಿಡ್ಲಘಟ್ಟದ ರೇಷ್ಮೆಗೂಡಿನ ಎಳೆಯೇ ಸಾಕಾದ ಅಳತೆಗೋಲು. ಗೂಡಿನಿಂದ ಬಿಚ್ಚಿದ ಒಂಟಿ ಎಳೆಯ ದಪ್ಪವು ಸುಮಾರು ಇಪ್ಪತ್ತು ಮೈಕ್ರೊಮೀಟರು, ಅಂದರೆ ಇಪ್ಪತ್ತು ಸಾವಿರ ನ್ಯಾನೊಮೀಟರು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಪಾಲೇ ನ್ಯಾನೊಮೀಟರು. ಸುರುಳಿಯಾಗಿ ಬೆಳೆಯುವ ಇಂಗಾಲದ ಎಳೆಯಾದರೋ ಅನೇಕ ವೇಳೆ ನೂರು ನ್ಯಾನೊಮೀಟರಿನಷ್ಟು, ಕೆಲವೊಮ್ಮೆ ಇಪ್ಪತ್ತು ನ್ಯಾನೊಮೀಟರಿನಷ್ಟು ಮಾತ್ರ ದಪ್ಪವಿರುತ್ತದೆ. ರೇಷ್ಮೆಯ ಎಳೆಯನ್ನು ಇನ್ನೂರು ಅಥವಾ ಸಾವಿರ ಪಾಲು ಸಣ್ಣದಾಗಿಸಿದರೆ ಎಷ್ಟಾದೀತೋ ಅಷ್ಟು.

ಇಂಗಾಲವು ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಒಲೆಯ ಮಸಿ, ಪೆನ್ಸಿಲಿನ ಕಡ್ಡಿಯ ಗ್ರಾಫೈಟ್, ವಜ್ರ ಇವೆಲ್ಲವೂ ಅದರ ರೂಪಗಳೆಂಬುದನ್ನು ಪಠ್ಯಪುಸ್ತಕಗಳು ಹೇಳುತ್ತವೆ. ಗ್ರಾಫೈಟಿನಲ್ಲಿ ಇಂಗಾಲದ ಪರಮಾಣುಗಳು ಆರಾರರಂತೆ ಕೂಡಿ ಜೇನುಹಟ್ಟಿಯ ಕಣ್ಣುಗಳಂತಹ ಷಟ್ಕೋನಗಳ ಹಾಳೆಯಾಗಿ ಹರಡಿಕೊಂಡಿರುತ್ತವೆ. ಇಂತಹ ಹಾಳೆಯನ್ನು ಚಾಪೆಯಂತೆ ಸುತ್ತಿ ಅಂಚಿಗೆ ಅಂಚು ಬೆಸೆದರೆ ದೊರೆಯುವುದೇ ನ್ಯಾನೊನಳಿಕೆ. ಜಪಾನಿನ ಸುಮಿಯೊ ಇಜಿಮಾ ಅವರು ೧೯೯೧ರಲ್ಲಿ ಇಂತಹ ನಳಿಕೆಗಳ ರಚನೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ಸ್ಪಷ್ಟಪಡಿಸಿದ ಬಳಿಕ ಜಗತ್ತಿನ ಪ್ರಯೋಗಶಾಲೆಗಳೆಲ್ಲವೂ ಈ ಕಡೆಗೆ ತಿರುಗಿದವು.

ಆದರೆ ಲೋಹದ ಮೇಲೆ ಇಂಗಾಲದ ಎಳೆ ಬೆಳೆಯುವ ಸಂಗತಿ ಇಜಿಮಾ ಅವರಿಗಿಂತ ಬಹಳ ಹಳೆಯದು. ಕಬ್ಬಿಣದ ಮೂಸೆಯಲ್ಲಿ ಅನಿಲವನ್ನು ಕಾಯಿಸಿ ಇಂಗಾಲದ ತಂತುಗಳನ್ನು ಪಡೆಯುವ ವಿಧಾನಕ್ಕೆ ಅಮೆರಿಕದಲ್ಲಿ ೧೮೮೯ರಷ್ಟು ಹಿಂದೆಯೇ ಹಕ್ಕುಪತ್ರ ದೊರೆತಿದ್ದಿತು. ೧೯೫೨ರಲ್ಲಿ ರಷ್ಯದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ ಎಂಬವರು ಟೊಳ್ಳಾದ ಇಂಗಾಲದ ಎಳೆಗಳ ಚಿತ್ರಗಳನ್ನು ತಮ್ಮ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಮರುವರ್ಷ ಇಂಗ್ಲೆಂಡಿನ ಸಂಶೋಧಕರು ಕಬ್ಬಿಣ ಕರಗಿಸುವ ಊದುಕುಲುಮೆಯ ಇಟ್ಟಿಗೆಗಳ ಸಮಸ್ಯೆಯನ್ನು ಅಭ್ಯಸಿಸುತ್ತ, ಹುಳುಗಳಂತೆ ಹೊರಳಿದ ಇಂಗಾಲದ ಎಳೆಗಳನ್ನು ವರ್ಣಿಸಿದರು. ಅವರ ಪಾಲಿಗೆ ಅದೊಂದು ಉಪದ್ರವವಾಗಿದ್ದಿತು. ಇಟ್ಟಿಗೆಯಲ್ಲಿದ್ದ ಕಬ್ಬಿಣದ ಚೂರುಗಳ ಮೇಲೆ ಇಂಗಾಲ ಬೆಳೆದು ಇಟ್ಟಿಗೆಯನ್ನೇ ಸೀಳುತ್ತಿದ್ದಿತು. ಜಲಜನಕವನ್ನು ತಯಾರಿಸುವ ಕಾರ್ಖಾನೆಗಳಲ್ಲಿಯೂ ಇದೇ ಪಾಡು. ನಿಕ್ಕೆಲ್ ಬೆರೆಸಿದ ಗುಳಿಗೆಗಳ ಒಳಗೆ ಎಳೆಗಳು ಹುಟ್ಟಿ ಗುಳಿಗೆಗಳು ಪುಡಿಯಾಗುತ್ತಿದ್ದವು, ನಳಿಗೆಗಳು ಕಟ್ಟಿಕೊಳ್ಳುತ್ತಿದ್ದವು. ಇದನ್ನು ಬೆಳೆಸುವುದು ಹೇಗೆಂದು ಅಂದು ಯಾರೂ ಕೇಳಿದವರಲ್ಲ, ತಡೆಯುವುದು ಹೇಗೆಂಬುದೇ ಎಲ್ಲರ ಚಿಂತೆ. ಇಂದು ಬೆಲೆಬಾಳುವ ವಸ್ತುವೆಂದು ಎಣಿಸಲ್ಪಡುವ ಇಂಗಾಲದ ಎಳೆಯ ವಿಷಯದಲ್ಲಿ ಮೊದಲಿನ ತಿಳಿವಳಿಕೆಯ ಬಹುಪಾಲು ಹೀಗೆ ಅದನ್ನು ನಿರ್ಮೂಲ ಮಾಡಲು ಹೊರಟವರಿಂದಲೇ ಬಂದಿತು.

ಅವರಲ್ಲಿ ಮುಖ್ಯರಾದವರು ಇಂಗ್ಲೆಂಡಿನ ಹಾರ್ವೆಲ್ ಪರಮಾಣು ಸಂಶೋಧನಾಲಯದ ಬೇಕರ್. ಅವರೂ ಅವರ ಸಹೋದ್ಯೋಗಿಗಳೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಒಳಗೇ ಅಸಿಟಿಲೀನ್ ಅನಿಲವನ್ನು ಬಿಟ್ಟು, ನಿಕ್ಕೆಲ್ಲಿನ ಕಣಗಳಿಂದ ಎಳೆಗಳು ಬೆಳೆಯುವುದನ್ನು ಕಣ್ಣಾರೆ ಕಂಡು, ಅವುಗಳ ವೇಗವನ್ನು ಅಳೆದು ೧೯೭೨ರಲ್ಲಿ ಪ್ರಕಟಿಸಿದರು. ಅವರು ನೀಡಿದ ವಿವರಣೆಯ ತಿರುಳು ಇಂದಿಗೂ ಉಳಿದುಕೊಂಡಿದೆ.

ಅಸಿಟಿಲೀನಿನ ಅಣುವಿನಲ್ಲಿ ಎರಡು ಇಂಗಾಲದ ಪರಮಾಣುಗಳೂ ಎರಡು ಜಲಜನಕದ ಪರಮಾಣುಗಳೂ ಇರುತ್ತವೆ. ಈ ಅಣು ಕಾದ ನಿಕ್ಕೆಲ್ಲಿನ ಮುಖವೊಂದನ್ನು ತಾಕಿದೊಡನೆ ಅದರ ಬಂಧಗಳು ಸಡಿಲಿ ಕಡಿದುಹೋಗುತ್ತವೆ. ಜಲಜನಕವು ಅನಿಲವಾಗಿ ಹಾರಿಹೋಗುತ್ತದೆ. ಇಂಗಾಲವು ಮಾತ್ರ ಲೋಹದಲ್ಲಿ ನಿಲ್ಲುತ್ತದೆ. ನೀರಿನಲ್ಲಿ ಸಕ್ಕರೆ ಕರಗುವಂತೆ ಲೋಹದ ಕಣದೊಳಗೆ ಕರಗುತ್ತದೆ. ಕರಗಿದ ಇಂಗಾಲವು ಕಣದ ಒಂದು ಬದಿಯಿಂದ ಮತ್ತೊಂದು ಬದಿಗೆ ಹರಿಯುತ್ತದೆ. ಅಲ್ಲಿ ಲೋಹವು ಹಿಡಿದಿಟ್ಟುಕೊಳ್ಳಲಾಗದಷ್ಟು ಇಂಗಾಲ ಕೂಡಿಕೊಂಡಾಗ, ಪಾಕ ಹೆಚ್ಚಾದಾಗ ಕಲ್ಲುಸಕ್ಕರೆ ಕಟ್ಟುವಂತೆ, ಅದು ಗ್ರಾಫೈಟಿನ ಪದರಗಳಾಗಿ ಹೊರಬೀಳುತ್ತದೆ. ಹೊಸ ಪದರವು ಹಳೆಯ ಪದರವನ್ನು ಹಿಂದಕ್ಕೆ ತಳ್ಳುತ್ತದೆ. ಹೀಗೆ ಎಳೆಯು ಉದ್ದವಾಗುತ್ತ ಹೋಗುತ್ತದೆ. ಲೋಹದ ಕಣವು ನೆಲಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಬುಡದಲ್ಲಿಯೇ ಉಳಿದು ಎಳೆಯನ್ನು ಮೇಲಕ್ಕೆ ನೂಕುತ್ತದೆ. ಅಂಟು ಸಡಿಲವಾಗಿದ್ದರೆ ಎಳೆಯ ತುದಿಯಲ್ಲಿ ಕುಳಿತು ತಾನೂ ಮೇಲೇರುತ್ತದೆ. ಬೆಳೆಯುವ ವೇಗವು ಉಷ್ಣತೆಯೊಡನೆ ಬದಲಾಗುವ ರೀತಿಯಿಂದ ಬೇಕರ್ ಅವರು ಒಂದು ಲೆಕ್ಕವನ್ನು ತೆಗೆದರು. ಎಳೆಯ ಬೆಳವಣಿಗೆಗೆ ಬೇಕಾಗುವ ಶಕ್ತಿಯೂ, ಇಂಗಾಲವು ನಿಕ್ಕೆಲ್ಲಿನೊಳಗೆ ಹರಿಯಲು ಬೇಕಾಗುವ ಶಕ್ತಿಯೂ ಬಹುತೇಕ ಸಮವಾಗಿದ್ದವು. ಅಂದಮೇಲೆ ಇಡೀ ಕಾರ್ಯದಲ್ಲಿ ನಿಧಾನವಾದ ಹೆಜ್ಜೆ ಆ ಒಳಹರಿವೇ ಎಂದು ಅವರು ತೀರ್ಮಾನಿಸಿದರು.

ಈ ತೀರ್ಮಾನವನ್ನು ಎಲ್ಲರೂ ಒಪ್ಪಿದರೆಂದಲ್ಲ. ೨೦೦೪ರಲ್ಲಿ ಡೆನ್ಮಾರ್ಕಿನ ಹೆಲ್ವೆಗ್ ಮತ್ತು ಸಂಗಡಿಗರು ಬೆಳವಣಿಗೆಯನ್ನು ಪರಮಾಣುಗಳ ಮಟ್ಟದಲ್ಲಿ ಚಿತ್ರಿಸಿದಾಗ, ನಿಕ್ಕೆಲ್ಲಿನ ಕಣವು ಗಟ್ಟಿ ಗುಂಡಿನಂತೆ ಸುಮ್ಮನಿರದೆ, ಜಿಗಣೆಯಂತೆ ಉದ್ದವಾಗಿ ಚಾಚಿ ಮತ್ತೆ ಗುಂಡಗೆ ಕುಗ್ಗುತ್ತಿರುವುದು ಕಂಡುಬಂದಿತು. ಕಣದ ಮೈಮೇಲಿನ ಪರಮಾಣುಗಾತ್ರದ ಮೆಟ್ಟಿಲುಗಳ ಬಳಿ ಗ್ರಾಫೈಟಿನ ಪದರಗಳು ಹುಟ್ಟುತ್ತಿದ್ದವು. ಇಂಗಾಲವು ಕಣದ ಒಳಗಿನಿಂದ ಮಾತ್ರವೇ ಬರಬೇಕೆಂದಿಲ್ಲ, ಮೇಲ್ಮೈಯ ಮೇಲೆ ಜಾರಿಯೂ ಬರಬಲ್ಲದು ಎಂಬ ಪಕ್ಷಕ್ಕೆ ಇದರಿಂದ ಬಲ ಬಂದಿತು. ಲೋಹ ಯಾವುದು, ಉಷ್ಣತೆ ಎಷ್ಟು ಎಂಬುದರ ಮೇಲೆ ಎರಡು ದಾರಿಗಳಲ್ಲಿ ಒಂದು ಮುಖ್ಯವಾಗುತ್ತದೆ ಎನ್ನುವುದೇ ಸರಿಯಾದೀತು.

ದಾರಿ ಯಾವುದೇ ಇರಲಿ, ಸುರುಳಿಯ ಗುಟ್ಟು ಮುಂದಿನ ಹೆಜ್ಜೆಯಲ್ಲಿದೆ. ಚಕ್ಕುಲಿ ಒರಳಿನ ದೃಷ್ಟಾಂತವು ಇಲ್ಲಿ ಸಹಾಯಕ್ಕೆ ಬರುತ್ತದೆ. ಅಡುಗೆಮನೆಯಲ್ಲಿ ಚಕ್ಕುಲಿ ದುಂಡಗಾಗುವುದು ಒರಳನ್ನು ಹಿಡಿದ ಕೈ ದುಂಡಗೆ ತಿರುಗುವುದರಿಂದ. ಆದರೆ ಒರಳಿನ ಕಣ್ಣಿನ ಒಂದು ಅಂಚಿಗೆ ಒಣಗಿದ ಹಿಟ್ಟು ಅಂಟಿಕೊಂಡಿದೆ ಎನ್ನೋಣ. ಆಗ ಆ ಅಂಚಿನಲ್ಲಿ ಹಿಟ್ಟು ತಡೆದು ತಡೆದು ಬರುತ್ತದೆ, ಎದುರಿನ ಅಂಚಿನಲ್ಲಿ ಸರಾಗವಾಗಿ ಬರುತ್ತದೆ. ಕೈ ಅಲುಗದಿದ್ದರೂ ಎಳೆಯು ತಡೆಯಿರುವ ಕಡೆಗೆ ತಾನಾಗಿ ಬಾಗುತ್ತದೆ. ಲೋಹದ ಕಣವು ಇಂತಹ ಒರಳು. ಅದರ ಸುತ್ತಲಂಚಿನ ಎಲ್ಲ ಕಡೆಯಿಂದಲೂ ಇಂಗಾಲವು ಒಂದೇ ವೇಗದಲ್ಲಿ ಹೊರಬಂದರೆ ಎಳೆ ನೆಟ್ಟಗಿರುತ್ತದೆ. ಒಂದು ಕಡೆ ವೇಗ ಹೆಚ್ಚು, ಎದುರು ಕಡೆ ಕಡಿಮೆ ಎಂದಾದರೆ ಎಳೆ ಬಾಗುತ್ತದೆ. ವ್ಯತ್ಯಾಸವು ಒಂದೇ ಸಮನಾಗಿ ಮುಂದುವರಿದರೆ ಬಳೆಯಂತೆ ಬಾಗುತ್ತಲೇ ಹೋಗುತ್ತದೆ. ಬೆಲ್ಜಿಯಂ ದೇಶದ ಆಂಟ್‌ವರ್ಪಿನ ಅಮೆಲಿಂಕ್ಸ್ ಅವರು ಸಂಗಡಿಗರೊಡನೆ ೧೯೯೪ರಲ್ಲಿ ಈ ವಿಚಾರಕ್ಕೆ ಗಣಿತದ ರೂಪವನ್ನು ಕೊಟ್ಟರು.

ಸಣ್ಣ ಲೆಕ್ಕವೊಂದರಿಂದ ಇದು ಇನ್ನಷ್ಟು ತಿಳಿಯಾಗುತ್ತದೆ. ನಳಿಕೆಯ ದಪ್ಪ ೨೦ ನ್ಯಾನೊಮೀಟರು, ಸುರುಳಿಯ ನಡುಗೆರೆಯ ತ್ರಿಜ್ಯ ೧೦೦ ನ್ಯಾನೊಮೀಟರು ಇರಲಿ. ಆಗ ಸುರುಳಿಯ ಹೊರಮೈ ೧೧೦ ನ್ಯಾನೊಮೀಟರು ತ್ರಿಜ್ಯದ ವೃತ್ತ, ಒಳಮೈ ೯೦ ನ್ಯಾನೊಮೀಟರು ತ್ರಿಜ್ಯದ ವೃತ್ತ. ಒಂದು ಸುತ್ತಿಗೆ ಹೊರಮೈ ಸುಮಾರು ೬೯೧ ನ್ಯಾನೊಮೀಟರು ಬೆಳೆಯಬೇಕು. ಒಳಮೈ ೫೬೫ ಮಾತ್ರ ಬೆಳೆದರೆ ಸಾಕು. ಅಂದರೆ ಹೊರಬದಿಯ ಇಂಗಾಲವು ಒಳಬದಿಗಿಂತ ನೂರಕ್ಕೆ ೨೨ರಷ್ಟು ಹೆಚ್ಚು ವೇಗದಿಂದ ಹೊರಬರಬೇಕು. ಎರಡರ ವ್ಯತ್ಯಾಸವಾದ ೧೨೬ ನ್ಯಾನೊಮೀಟರು ನಳಿಕೆಯ ದಪ್ಪದ ಆರೂಕಾಲು ಪಟ್ಟಿಗಿಂತ ತುಸು ಹೆಚ್ಚು. ಸುರುಳಿ ಅಗಲವಾಗಿರಲಿ, ಕಿರಿದಾಗಿರಲಿ, ಒಂದು ಸುತ್ತಿಗೆ ಈ ವ್ಯತ್ಯಾಸ ಮಾತ್ರ ಬದಲಾಗದು. ಅದು ನಳಿಕೆಯ ದಪ್ಪವನ್ನು ಮಾತ್ರ ಅವಲಂಬಿಸಿದೆ. ವೃತ್ತದ ಪರಿಧಿಯ ಸೂತ್ರವನ್ನು ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿ ಇದನ್ನು ತಾನೇ ಸಾಧಿಸಿ ನೋಡಬಹುದು.

ಇಷ್ಟರಿಂದಲೇ ಸುರುಳಿ ಆಗಲಾರದು. ಬರಿಯ ಬಾಗುವಿಕೆ ಇದ್ದರೆ ಎಳೆಯು ಒಂದು ಸುತ್ತು ಸುತ್ತಿ ತನ್ನ ಬಾಲಕ್ಕೆ ತಾನೇ ಡಿಕ್ಕಿ ಹೊಡೆಯುತ್ತದೆ. ಅದು ಪಕ್ಕಕ್ಕೆ ಸರಿಯುತ್ತ ಮೇಲೇರಬೇಕಾದರೆ ಬಾಗುವಿಕೆಯ ಜೊತೆಗೆ ಸ್ವಲ್ಪ ತಿರುಚುವಿಕೆಯೂ ಬೇಕು. ವೇಗದ ಏರುಪೇರು ಎಡಬಲಗಳಲ್ಲಿಯೂ ಸರಿಸಮನಾಗಿಲ್ಲದಿದ್ದಾಗ ಈ ತಿರುಚು ದೊರೆಯುತ್ತದೆ. ತಿರುಚು ಕಡಿಮೆಯಿದ್ದರೆ ಸುತ್ತುಗಳು ಒಂದಕ್ಕೊಂದು ತಾಗಿಕೊಂಡ ಬಿಗಿಯಾದ ಸುರುಳಿ. ಹೆಚ್ಚಿದ್ದರೆ ಸುತ್ತುಗಳು ದೂರದೂರವಾಗಿ ನಿಂತ ಸಡಿಲ ಸುರುಳಿ. ಸೂಕ್ಷ್ಮದರ್ಶಕದಲ್ಲಿ ಕಾಣುವ ವೈವಿಧ್ಯಕ್ಕೆಲ್ಲ ಬಾಗು ಮತ್ತು ತಿರುಚು ಎಂಬ ಎರಡೇ ಅಂಶಗಳು ಸಾಕಾಗುತ್ತವೆ.

ಆದರೆ ಷಟ್ಕೋನಗಳ ಜೇನುಹಟ್ಟಿಯು ಇಷ್ಟೆಲ್ಲ ಬಾಗುವಿಕೆಯನ್ನು ಹೇಗೆ ತಾಳಿಕೊಳ್ಳುತ್ತದೆ? ಇದಕ್ಕೆ ಉತ್ತರ ಬೇರೊಂದು ದಿಕ್ಕಿನಿಂದ ಬಂದಿತು. ಷಟ್ಕೋನಗಳ ಹಾಳೆಯ ನಡುವೆ ಒಂದು ಪಂಚಕೋನವನ್ನು ಸೇರಿಸಿದರೆ ಹಾಳೆಯು ಗುಮ್ಮಟದಂತೆ ಉಬ್ಬುತ್ತದೆ. ಕಾಲ್ಚೆಂಡು ದುಂಡಗಿರುವುದು ಅದರ ಹನ್ನೆರಡು ಪಂಚಕೋನಗಳಿಂದಲೇ. ಪಂಚಕೋನದ ಬದಲು ಸಪ್ತಕೋನವನ್ನು ಸೇರಿಸಿದರೆ ಹಾಳೆಯು ಕುದುರೆಯ ಜೀನಿನಂತೆ ಒಂದು ಕಡೆ ಏರಿ ಒಂದು ಕಡೆ ಇಳಿಯುತ್ತದೆ. ಸುರುಳಿಯ ಹೊರಮೈ ಗುಮ್ಮಟದ ಜಾತಿಯದು, ಒಳಮೈ ಜೀನಿನ ಜಾತಿಯದು. ಆದುದರಿಂದ ಹೊರಬದಿಯಲ್ಲಿ ಪಂಚಕೋನಗಳೂ ಒಳಬದಿಯಲ್ಲಿ ಸಪ್ತಕೋನಗಳೂ ಕ್ರಮಬದ್ಧವಾಗಿ ಬಂದರೆ ನಳಿಕೆಯು ಒತ್ತಡವಿಲ್ಲದೆ ಸುರುಳಿಯಾಗಿ ನಿಲ್ಲಬಲ್ಲದು. ಅಮೆರಿಕದ ಡನ್‌ಲ್ಯಾಪ್, ಜಪಾನಿನ ಇಹಾರ ಮೊದಲಾದವರು ೧೯೯೨–೯೩ರ ಸುಮಾರಿಗೆ ಈ ದಾರಿಯಲ್ಲಿ ಲೆಕ್ಕ ಹಾಕಿ, ಬಾಗಿದ ಮತ್ತು ಸುರುಳಿಯಾದ ನಳಿಕೆಗಳು ಸಾಧ್ಯವೆಂದು ತೋರಿಸಿದರು.

ಕೆಲವು ಬರಹಗಳಲ್ಲಿ ಈ ಎರಡು ವಿವರಣೆಗಳನ್ನು ಎದುರಾಳಿಗಳಂತೆ ನಿಲ್ಲಿಸುವುದುಂಟು: ಸುರುಳಿಗೆ ಕಾರಣ ಲೋಹದ ಕಣದ ಅಸಮ ವೇಗವೋ, ಪಂಚಕೋನ ಸಪ್ತಕೋನಗಳೋ ಎಂದು. ಈ ಜಗಳದಲ್ಲಿ ಹುರುಳಿಲ್ಲ. ಬಾಗುವಂತೆ ಮಾಡುವುದು ಯಾವುದು ಎಂಬುದು ಒಂದು ಪ್ರಶ್ನೆ. ಬಾಗಿದ್ದನ್ನು ಇಂಗಾಲದ ಜಾಲ ಹೇಗೆ ಹೊಂದಿಸಿಕೊಳ್ಳುತ್ತದೆ ಎಂಬುದು ಇನ್ನೊಂದು. ಒಂದೆರಡು ಪದರಗಳ ಸಣ್ಣ ನಳಿಕೆಯಲ್ಲಿ ಪಂಚಕೋನ ಸಪ್ತಕೋನಗಳ ಪಾತ್ರ ದೊಡ್ಡದು. ನೂರಾರು ನ್ಯಾನೊಮೀಟರು ದಪ್ಪದ ಎಳೆಗಳಲ್ಲಿ ಇಂಗಾಲವು ಬಹುಮಟ್ಟಿಗೆ ಕ್ರಮವಿಲ್ಲದೆ ಒಟ್ಟಿದ ರೂಪದಲ್ಲಿಯೇ ಇರುವುದರಿಂದ ಅಲ್ಲಿ ಈ ಕೋನಗಳ ಲೆಕ್ಕ ಅಷ್ಟಾಗಿ ನಡೆಯದು. ಕಣದ ವೇಗವೊಂದೇ ಆಳುತ್ತದೆ.

ಕಣದ ವೇಗ ಏಕೆ ಅಸಮವಾಗುತ್ತದೆ ಎಂಬುದನ್ನು ಈಗ ನೋಡಬೇಕು. ಲೋಹದ ಕಣವೂ ಕಲ್ಲುಸಕ್ಕರೆಯಂತೆ ಒಂದು ಹರಳು. ಅದಕ್ಕೆ ಬೇರೆ ಬೇರೆ ಮುಖಗಳುಂಟು. ಒಂದೊಂದು ಮುಖದಲ್ಲಿ ಲೋಹದ ಪರಮಾಣುಗಳು ಕೂಡಿರುವ ರೀತಿಯೇ ಬೇರೆ. ಒಂದು ಮುಖವು ಅನಿಲವನ್ನು ಬೇಗ ಒಡೆಯುತ್ತದೆ, ಇನ್ನೊಂದು ನಿಧಾನವಾಗಿ. ಹೀಗಿರುವಾಗ ಎಲ್ಲ ಕಣಗಳೂ ಸುರುಳಿಯನ್ನೇ ನೂಲಬೇಕಲ್ಲವೇ ಎಂಬ ಶಂಕೆ ಸಹಜ. ಶುದ್ಧವಾದ ಲೋಹದಲ್ಲಿ ಮುಖಗಳ ಈ ವ್ಯತ್ಯಾಸವು ಸಾಮಾನ್ಯವಾಗಿ ಅಲ್ಪವಾದುದು, ಸ್ಥಿರವೂ ಅಲ್ಲ; ಆದ್ದರಿಂದ ಎಳೆಗಳು ನೆಟ್ಟಗೋ, ಅಂಕುಡೊಂಕಾಗಿಯೋ ಬೆಳೆಯುತ್ತವೆ. ಒಪ್ಪವಾದ ಸುರುಳಿ ಬೇಕಾದರೆ ವ್ಯತ್ಯಾಸವನ್ನು ದೊಡ್ಡದು ಮಾಡಿ ನಿಲ್ಲಿಸುವ ಮತ್ತೊಂದು ವಸ್ತು ಬೇಕಾಗುತ್ತದೆ.

ಆ ವಸ್ತುವನ್ನು ತೋರಿಸಿಕೊಟ್ಟವರು ಜಪಾನಿನ ಗಿಫು ವಿಶ್ವವಿದ್ಯಾಲಯದ ಮೊತೊಜಿಮಾ. ಅವರೂ ಸಂಗಡಿಗರೂ ೧೯೯೦ರಲ್ಲಿ ನಿಕ್ಕೆಲ್ ಕಣಗಳ ಮೇಲೆ ಅಸಿಟಿಲೀನ್ ಹಾಯಿಸಿ ಬಹಳ ಕ್ರಮಬದ್ಧವಾದ ಸುರುಳಿಗಳನ್ನು ಬೆಳೆಸಿದರು. ಅವು ಮೈಕ್ರೊಮೀಟರುಗಳಷ್ಟು ಅಗಲವಾದ, ನ್ಯಾನೊಸುರುಳಿಗಳಿಗಿಂತ ದೊಡ್ಡವಾದ ಸುರುಳಿಗಳು; ಒಂದೇ ಕಣದಿಂದ ಎರಡು ಎಳೆಗಳು ಹೊರಟು ಹೆಣೆದ ಹಗ್ಗದಂತೆ ಜೋಡಿಯಾಗಿ ಸುತ್ತಿಕೊಂಡಿದ್ದವು. ಎಳೆಗಳು ಬೆಳೆಯುತ್ತಿದ್ದಂತೆ ಕಣವು ಬುಗುರಿಯಂತೆ ತಿರುಗುತ್ತಿದ್ದಿತು. ಇಂತಹ ಸುರುಳಿಯನ್ನು ಹಿಡಿದೆಳೆದರೆ ಮೂಲದ ಉದ್ದಕ್ಕಿಂತ ಹಲವು ಪಟ್ಟು ಚಾಚುತ್ತದೆ. ಈ ಬೆಳವಣಿಗೆಯಲ್ಲಿ ನಿರ್ಣಾಯಕವಾದುದು ಅನಿಲಕ್ಕೆ ಬೆರೆಸಿದ ಅತ್ಯಲ್ಪ ಥಯೋಫೀನ್. ನಾಲ್ಕು ಇಂಗಾಲದ ಪರಮಾಣುಗಳೂ ಒಂದು ಗಂಧಕದ ಪರಮಾಣುವೂ ಉಂಗುರವಾಗಿ ಕೂಡಿದ ವಸ್ತು ಅದು. ರಸಾಯನಶಾಸ್ತ್ರದಲ್ಲಿ ಗಂಧಕಕ್ಕೆ ಕ್ರಿಯಾವರ್ಧಕಗಳ ವಿಷವೆಂದೇ ಹೆಸರು. ನಿಕ್ಕೆಲ್ಲನ್ನು ಬಳಸುವ ಕಾರ್ಖಾನೆಗಳಲ್ಲಿ ಅದನ್ನು ಅನಿಲದಿಂದ ತೆಗೆದುಹಾಕಲು ಬಹಳ ವೆಚ್ಚ ಮಾಡುತ್ತಾರೆ. ಹೆಚ್ಚಾದರೆ ಅದು ಕಣವನ್ನು ಸಾಯಿಸಿಬಿಡುತ್ತದೆ, ಇಲ್ಲವೇ ಇಲ್ಲವಾದರೆ ಸುರುಳಿಯೇ ಬಾರದು. ತಕ್ಕಷ್ಟು ಇದ್ದಾಗ ಅದು ಕಣದ ಕೆಲವು ಮುಖಗಳನ್ನು ಮಾತ್ರ ಮಂದಗೊಳಿಸಿ ಉಳಿದವನ್ನು ಚುರುಕಾಗಿಯೇ ಬಿಡುತ್ತದೆ. ಚಕ್ಕುಲಿ ಒರಳಿನ ಅಂಚಿಗೆ ಅಂಟಿದ ಒಣಹಿಟ್ಟಿನ ಕೆಲಸವೂ ಇದೇ.

ಗಂಧಕವೊಂದೇ ಈ ಕೆಲಸವನ್ನು ಮಾಡಬಲ್ಲುದೆಂದಲ್ಲ. ಜಪಾನಿನ ಒಸಾಕಾದಲ್ಲಿ ನಾಕಾಯಾಮ ಅವರ ತಂಡವು ೨೦೦೦ದಲ್ಲಿ, ಗಾಜಿಗೆ ಲೇಪಿಸುವ ಇಂಡಿಯಂ–ತವರದ ಆಕ್ಸೈಡಿನ ಮೇಲೆ ಕಬ್ಬಿಣದ ತೆಳುಪದರವನ್ನಿಟ್ಟು ಅಸಿಟಿಲೀನ್ ಹಾಯಿಸಿದಾಗ ನ್ಯಾನೊಸುರುಳಿಗಳು ಹೇರಳವಾಗಿ ಬೆಳೆದವು. ಕಬ್ಬಿಣವು ಇಂಗಾಲವನ್ನು ಆದರಿಸುವ ಲೋಹ. ತವರ ಮತ್ತು ಇಂಡಿಯಂ ಅದನ್ನು ಹತ್ತಿರಕ್ಕೂ ಸೇರಿಸವು. ಒಂದೇ ಕಣದಲ್ಲಿ ಈ ಎರಡೂ ಸ್ವಭಾವಗಳು ಕೂಡಿದಾಗ ಒಂದು ಬದಿ ಮುಂದೋಡುತ್ತದೆ, ಇನ್ನೊಂದು ಹಿಂದುಳಿಯುತ್ತದೆ. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ಅಪ್ಪಾರಾವ್ ಅವರೂ ಕ್ಯಾಲಿಫೋರ್ನಿಯದ ಪ್ರಭಾಕರ ಬಂಡಾರು ಅವರೂ ಸಂಗಡಿಗರೊಡನೆ ೨೦೦೮ರಲ್ಲಿ ತವರ ಮತ್ತು ಇಂಡಿಯಂಗಳನ್ನು ಉದ್ದೇಶಪೂರ್ವಕವಾಗಿಯೇ ಬಳಸಿ ಸುರುಳಿಗಳನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿದರು. ಆಕಸ್ಮಿಕವಾಗಿ ದೊರೆಯುತ್ತಿದ್ದುದನ್ನು ಬೇಕೆಂದಾಗ ಪಡೆಯುವತ್ತ ಇಟ್ಟ ಹೆಜ್ಜೆ ಅದು. ಕಬ್ಬಿಣಕ್ಕಾಗಿ ಅವರು ಆರಿಸಿಕೊಂಡ ವಸ್ತು ಫೆರೊಸೀನ್.

ಈ ಫೆರೊಸೀನಿನ ದಾರಿಯು ಚಿಂತಾಮಣಿಯ ಹೆಸರನ್ನು ಹೊತ್ತ ವಿಜ್ಞಾನಿಯೊಬ್ಬರ ಪ್ರಯೋಗಶಾಲೆಯ ಮೂಲಕ ಹಾದುಹೋಗುತ್ತದೆ ಎಂಬುದನ್ನು ಈ ಸೀಮೆಯ ಓದುಗರು ಅರಿತಿರುವುದು ಒಳ್ಳೆಯದು. ಪ್ರೊಫೆಸರ್ ಸಿ. ಎನ್. ಆರ್. ರಾವ್ ಅವರ ಪೂರ್ಣ ಹೆಸರು ಚಿಂತಾಮಣಿ ನಾಗೇಶ ರಾಮಚಂದ್ರ ರಾವ್. ೧೯೩೪ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ಮೈಸೂರು ವಿಶ್ವವಿದ್ಯಾಲಯದ ಪದವಿಯನ್ನು ೧೯೫೧ರಲ್ಲಿ, ಇನ್ನೂ ಹದಿನೇಳರ ವಯಸ್ಸಿನಲ್ಲಿಯೇ ಪಡೆದರು. ಕಾಶಿಯಲ್ಲಿಯೂ ಅಮೆರಿಕದ ಪರ್ಡ್ಯೂವಿನಲ್ಲಿಯೂ ವ್ಯಾಸಂಗ ಮುಗಿಸಿ, ಕಾನ್ಪುರದಲ್ಲಿ ಬಹುಕಾಲ ಕೆಲಸ ಮಾಡಿ, ೧೯೭೬ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಮರಳಿದರು. ೧೯೮೪ರಿಂದ ೧೯೯೪ರವರೆಗೆ ಅದರ ನಿರ್ದೇಶಕರಾಗಿದ್ದರು. ೧೯೮೯ರಲ್ಲಿ ಸ್ಥಾಪನೆಯಾಗಿ ಜಕ್ಕೂರಿನಲ್ಲಿ ನೆಲೆಗೊಂಡ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವನ್ನು ಕಟ್ಟಿದವರೂ ಅವರೇ. ೨೦೧೪ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು.

ಫೆರೊಸೀನಿನ ಅಣುವಿನಲ್ಲಿ ಐದೈದು ಇಂಗಾಲದ ಪರಮಾಣುಗಳ ಎರಡು ಉಂಗುರಗಳ ನಡುವೆ ಒಂದು ಕಬ್ಬಿಣದ ಪರಮಾಣು ಕುಳಿತಿರುತ್ತದೆ. ಅದರ ಸ್ಥಾನದಲ್ಲಿ ನಿಕ್ಕೆಲ್ ಇದ್ದರೆ ಅದು ನಿಕೆಲೊಸೀನ್. ಈ ಅಣುವನ್ನು ಆವಿಮಾಡಿ ಬಿಸಿಯಾದ ಕುಲುಮೆಗೆ ಒಯ್ದರೆ ಅದು ಒಡೆದು ಕಬ್ಬಿಣವನ್ನೂ ಇಂಗಾಲವನ್ನೂ ಒಟ್ಟಿಗೇ ಬಿಟ್ಟುಕೊಡುತ್ತದೆ. ಕಬ್ಬಿಣದ ಪರಮಾಣುಗಳು ಕೂಡಿ ಅಲ್ಲಿಯೇ ಸೂಕ್ಷ್ಮ ಕಣಗಳಾಗುತ್ತವೆ. ಇಂಗಾಲವು ಆ ಕಣಗಳ ಮೇಲೆಯೇ ನಳಿಕೆಯಾಗಿ ಬೆಳೆಯುತ್ತದೆ. ಕಣಗಳನ್ನು ಮೊದಲೇ ತಯಾರಿಸಿ ಹರಡುವ ತಾಪತ್ರಯವಿಲ್ಲ. ಬೀಜವೂ ಗೊಬ್ಬರವೂ ಒಂದೇ ಪೊಟ್ಟಣದಲ್ಲಿ ಬಂದಂತೆ. ರಾವ್ ಅವರೂ ಸೇನ್ ಮತ್ತು ಗೋವಿಂದರಾಜ್ ಅವರೂ ಈ ವಿಧಾನವನ್ನು ೧೯೯೭ರಲ್ಲಿ ಪ್ರಕಟಿಸಿದರು. ಫೆರೊಸೀನಿಗೆ ಬೇರೆ ಹೈಡ್ರೊಕಾರ್ಬನ್ನುಗಳನ್ನು ಬೆರೆಸಿ, ಪೈರು ನಿಂತಂತೆ ಒತ್ತಾಗಿ ನಿಂತ ನಳಿಕೆಗಳ ಕಟ್ಟುಗಳನ್ನು ಮುಂದಿನ ಒಂದೆರಡು ವರ್ಷಗಳಲ್ಲಿಯೇ ಪಡೆದರು.

೨೦೦೦ದಲ್ಲಿ ಇದೇ ತಂಡದ ಸತೀಶ್‌ಕುಮಾರ್, ಜಾನ್ ಥಾಮಸ್, ಗೋವಿಂದರಾಜ್ ಮತ್ತು ರಾವ್ ಅವರು ನಿಕೆಲೊಸೀನಿಗೆ ಥಯೋಫೀನನ್ನು ಬೆರೆಸಿ ಕಾಯಿಸಿದರು. ಗಿಫುವಿನಲ್ಲಿ ಸುರುಳಿಗಳನ್ನು ಕೊಟ್ಟ ಅದೇ ನಿಕ್ಕೆಲ್, ಅದೇ ಗಂಧಕದ ಉಂಗುರ. ಆದರೆ ಬೆಂಗಳೂರಿನ ಕುಲುಮೆಯಲ್ಲಿ ಹುಟ್ಟಿದ್ದು ಸುರುಳಿಯಲ್ಲ, ಕವಣೆಯ ಕವೆಯಂತೆ ಎರಡಾಗಿ ಕವಲೊಡೆದ ನಳಿಕೆಗಳು! ಆ ಕವಲುಗಳು ವಿದ್ಯುತ್ತನ್ನು ಒಂದು ದಿಕ್ಕಿನಲ್ಲಿ ಸುಲಭವಾಗಿ ಬಿಟ್ಟು ಇನ್ನೊಂದು ದಿಕ್ಕಿನಲ್ಲಿ ತಡೆಯುವ ಡಯೋಡಿನ ಗುಣವನ್ನು ತೋರಿದವು. ಬೆಳೆಯುತ್ತಿರುವ ಕಣದ ನಡತೆಯನ್ನು ಗಂಧಕ ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಒಂದೆಡೆ ಅದು ಎಳೆಯನ್ನು ನುಲಿಸಿತು, ಇನ್ನೊಂದೆಡೆ ಕವಲೊಡೆಯಿಸಿತು. ಕುಲುಮೆಯ ಉಷ್ಣತೆ, ಅನಿಲದ ಬೆರಕೆ, ಕಣದ ಗಾತ್ರ ಇವುಗಳ ಸಣ್ಣ ವ್ಯತ್ಯಾಸದಿಂದ ಬೆಳೆಯೇ ಬೇರೆಯಾಗುವ ಈ ಸ್ವಭಾವವೇ ಸಂಶೋಧಕರನ್ನು ಆಕರ್ಷಿಸಿರುವುದೂ ಹೌದು, ಸತಾಯಿಸುತ್ತಿರುವುದೂ ಹೌದು.

ಕಬ್ಬಿಣ ಮತ್ತು ಇಂಗಾಲದ ನಂಟು ಕನ್ನಡನಾಡಿಗೆ ಹೊಸದಲ್ಲವೆಂಬ ಒಂದು ಮಾತು ಇಲ್ಲಿ ಅಪ್ರಸ್ತುತವಾಗದು. ಬ್ರಿಟಿಷರ ಅಪ್ಪಣೆಯಂತೆ ೧೮೦೦–೧೮೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅವರು ಮಧುಗಿರಿಯ ಸೀಮೆಯ ಚನ್ನರಾಯನದುರ್ಗದ ಬಳಿ ಉಕ್ಕ ತಯಾರಿಸುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾರೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡುಗಳ ಜೊತೆಗೆ ತಂಗಡಿ ಗಿಡದ ಕಾಂಡವನ್ನೂ ಹಸಿರು ಎಲೆಗಳನ್ನೂ ಇಟ್ಟು, ಬಾಯಿ ಮುಚ್ಚಿ ಕಾಯಿಸುತ್ತಿದ್ದರಂತೆ. ಕಾಂಡ ಮತ್ತು ಎಲೆಗಳ ಇಂಗಾಲವು ಕಬ್ಬಿಣವನ್ನು ಹೊಕ್ಕು ಅದನ್ನು ಉಕ್ಕಾಗಿಸುತ್ತಿದ್ದಿತು. ದಕ್ಷಿಣ ಭಾರತದ ಇಂತಹ ಉಕ್ಕಿಗೆ ಯುರೋಪಿನವರು ಇಟ್ಟ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹುಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಈ ಬಗೆಯ ಉಕ್ಕಿನಿಂದಲೇ ದಮಾಸ್ಕಸ್ ಖಡ್ಗಗಳನ್ನು ಮಾಡುತ್ತಿದ್ದರು. ಹದಿನೇಳನೆಯ ಶತಮಾನದ ಅಂತಹ ಒಂದು ಖಡ್ಗದ ಚೂರನ್ನು ಜರ್ಮನಿಯ ಡ್ರೆಸ್ಡೆನ್ನಿನ ವಿಜ್ಞಾನಿಗಳು ಪರೀಕ್ಷಿಸಿ, ಅದರಲ್ಲಿ ಇಂಗಾಲದ ನ್ಯಾನೊನಳಿಕೆಗಳು ಕಂಡುಬಂದುವೆಂದು ೨೦೦೬ರಲ್ಲಿ ಪ್ರಕಟಿಸಿದರು. ಅದಿರಿನಲ್ಲಿದ್ದ ಅಲ್ಪಸ್ವಲ್ಪ ಬೆರಕೆ ಲೋಹಗಳು ನಳಿಕೆಗಳ ಬೆಳವಣಿಗೆಗೆ ನೆರವಾಗಿರಬಹುದೆಂಬುದು ಅವರ ಊಹೆ. ಊಹೆಯನ್ನು ಊಹೆಯೆಂದೇ ತಿಳಿಯಬೇಕು. ನಮ್ಮ ಹಿಂದಿನ ಕಮ್ಮಾರರಿಗೆ ನ್ಯಾನೊವಿಜ್ಞಾನ ತಿಳಿದಿದ್ದಿತೆಂದು ಇದರಿಂದ ಹೆಮ್ಮೆಪಡಲು ಹೊರಡುವುದು ತಪ್ಪಾದೀತು. ಕಬ್ಬಿಣ, ಎಲೆ ಮತ್ತು ಬೆಂಕಿಯ ಹದವನ್ನು ಅವರು ಬಲ್ಲವರಾಗಿದ್ದರೆಂಬುದೇ ಸಾಕಷ್ಟು ದೊಡ್ಡ ಮಾತು.

ಸುರುಳಿಗಳಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಉತ್ತರವಿಲ್ಲದಿಲ್ಲ. ೨೦೦೩ರಲ್ಲಿ ಒಂದು ಒಂಟಿ ನ್ಯಾನೊಸುರುಳಿಯನ್ನು ಎರಡು ಸೂಕ್ಷ್ಮ ಸನ್ನೆಗಳ ನಡುವೆ ಕಟ್ಟಿ ಎಳೆದು ನೋಡಿದಾಗ, ಅದು ತನ್ನ ಉದ್ದದ ನೂರಕ್ಕೆ ೪೨ರಷ್ಟು ಚಾಚಿಕೊಂಡು ನಿಜವಾದ ಸ್ಪ್ರಿಂಗಿನಂತೆಯೇ ವರ್ತಿಸಿತು. ಅತಿಸಣ್ಣ ಬಲಗಳನ್ನು ಅಳೆಯುವ ಸಾಧನಗಳು, ವಿದ್ಯುತ್ಕಾಂತ ಅಲೆಗಳನ್ನು ಹೀರಿಕೊಳ್ಳುವ ಲೇಪಗಳು, ಪ್ಲಾಸ್ಟಿಕ್ಕಿಗೆ ಬಲ ಕೊಡುವ ಬೆರಕೆಗಳು ಇವುಗಳಲ್ಲಿ ಸುರುಳಿಗಳನ್ನು ಬಳಸುವ ಯತ್ನಗಳು ನಡೆದಿವೆ. ನೇರ ಎಳೆಯು ಪ್ಲಾಸ್ಟಿಕ್ಕಿನಿಂದ ಜಾರಿ ಹೊರಬರಬಹುದು. ಸುರುಳಿಯು ಬೇರಿನಂತೆ ಕಚ್ಚಿ ಹಿಡಿಯುತ್ತದೆ. ಆದರೆ ಒಂದು ಎಚ್ಚರಿಕೆಯೂ ಅಗತ್ಯ. ಉದ್ದವಾದ ಗಟ್ಟಿ ನ್ಯಾನೊನಳಿಕೆಗಳನ್ನು ಇಲಿಗಳ ಹೊಟ್ಟೆಯ ಪೊರೆಗೆ ಸೇರಿಸಿದಾಗ ಕಲ್ನಾರಿನಿಂದ ಆಗುವಂತಹ ಉರಿಯೂತ ಕಾಣಿಸಿಕೊಂಡಿತೆಂದು ಎಡಿನ್‌ಬರೊ ಮೊದಲಾದೆಡೆಯ ಸಂಶೋಧಕರು ೨೦೦೮ರಲ್ಲಿ ವರದಿ ಮಾಡಿದರು. ಆದುದರಿಂದ ಇಂಗಾಲದ ಇಂತಹ ಪುಡಿಗಳನ್ನು ಮುಚ್ಚಿದ ಪೆಟ್ಟಿಗೆಗಳಲ್ಲಿ, ಉಸಿರಿಗೆ ಸೇರದಂತೆ ನಿರ್ವಹಿಸುವುದು ಪ್ರಯೋಗಶಾಲೆಗಳ ಕರ್ತವ್ಯವಾಗಿದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಇರುವುದು ಒಂದೇ ತೆರನಾದ ಸುರುಳಿಗಳನ್ನು ಪಡೆಯುವುದರಲ್ಲಿ. ಒಂದು ಕುಲುಮೆಯಿಂದ ತೆಗೆದ ಮಸಿಯಲ್ಲಿ ಬಿಗಿಯಾದವು, ಸಡಿಲವಾದವು, ನೆಟ್ಟಗಿನವು, ಅರ್ಧಕ್ಕೆ ನಿಂತವು ಎಲ್ಲವೂ ಬೆರೆತಿರುತ್ತವೆ. ಪ್ರತಿಯೊಂದು ಎಳೆಗೂ ಅದರದೇ ಒಂದು ಲೋಹದ ಕಣ. ಕಣದ ಗಾತ್ರ, ಮುಖ, ಬೆರಕೆ ಬೇರೆಯಾದರೆ ಎಳೆಯೂ ಬೇರೆ. ಕೋಟ್ಯಂತರ ಕಣಗಳನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಕೈಚಳಕ ಇನ್ನೂ ಪೂರ್ಣವಾಗಿ ಸಿದ್ಧಿಸಿಲ್ಲ. ಸುರುಳಿಯು ಎಡಕ್ಕೆ ಸುತ್ತಬೇಕೋ ಬಲಕ್ಕೆ ಸುತ್ತಬೇಕೋ ಎಂಬುದಂತೂ ಕಣವು ಎಳೆಯನ್ನು ನೂಲತೊಡಗಿದ ಮೊದಲ ಗಳಿಗೆಯಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಕುಲುಮೆಯನ್ನು ಆರಿಸಿ ಮಸಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಎಡಸುರುಳಿಯೂ ಬಲಸುರುಳಿಯೂ ಸಾಮಾನ್ಯವಾಗಿ ಬೆರೆತೇ ಕಾಣುತ್ತವೆ. ಹಲವು ಸುರುಳಿಗಳ ತುದಿಯಲ್ಲಿ ಅವನ್ನು ನೂತ ಲೋಹದ ಕಣವು ಕಪ್ಪು ಚುಕ್ಕೆಯಾಗಿ ಅಂಟಿಕೊಂಡೇ ಇರುತ್ತದೆ.